ಮಂಗಳವಾರದ ಓಟಗಾರರು

ಸೆಪ್ಟೆಂಬರ್ 9, ಮಂಗಳವಾರ

ಪಿನ್ನುಗಳಿಗೆ ಚೆಂಡು ಉರುಳಿಸುವ ಬೌಲಿಂಗ್ ಅಂಗಡಿಯ ಬಾಡಿಗೆ ಶೂ ಕೌಂಟರ್. ಮಧ್ಯಾಹ್ನ. ಆಡುತ್ತಿರುವವರು ಇಬ್ಬರೇ ಮುದುಕರು, ಇಬ್ಬರ ಚೆಂಡೂ ಲೇನಿನ ಪಕ್ಕದ ಚರಂಡಿಗೇ ಹೋಗುತ್ತಿದೆ. ಒಂಬತ್ತನೇ ಸೈಜಿನ ಎಡಗಾಲಿನ ಶೂಗಳನ್ನೆಲ್ಲ ಹತ್ತರ ಗೂಡಿಗೆ ವರ್ಗಾವಣೆ ಮಾಡಿದ್ದೇನೆ. ಸಾರ್ವಜನಿಕ ಹಿತದೃಷ್ಟಿಯಿಂದ.

ಜೆಮ್ಮಾಳ ಮೆಸೇಜ್ ಬಂತು. ಬೇರೆಯಾದ ಮೇಲೆ ಮೊದಲನೆಯದು. "ನಮ್ಮ ಓಟಗಾರರು ಸಾಲಲ್ಲ. ಬೇರೆಯವರನ್ನ ಹುಡುಕ್ಬೇಕು."

"ನಮ್ಮ" ಅಂದಿದ್ದಾಳೆ. ಶೂಗೆ ಹೊಡೆಯುವ ಸ್ಪ್ರೇಯನ್ನು ಒಂದೇ ಶೂಗೆ ಎಷ್ಟು ಹೊತ್ತು ಹೊಡೆದೆನೋ ಗೊತ್ತಿಲ್ಲ.

ಈ "ನಮ್ಮ" ಎಂಬುದರ ಅರ್ಥವನ್ನು ಇತಿಹಾಸಕ್ಕಾಗಿ ದಾಖಲಿಸತಕ್ಕದ್ದು. ಈ ಅಂಗಡಿಯ ಫ್ಯಾಂಟಸಿ ಲೀಗಿನಲ್ಲಿ ಹನ್ನೆರಡು ತಂಡ. ಆಗಸ್ಟಿನಲ್ಲಿ ಸರದಿಯ ಪ್ರಕಾರ ನಿಜವಾದ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಆರಿಸಿಕೊಳ್ಳುತ್ತೇವೆ. ಆ ವಾರ ಆಡಿಸಲು ಹಾಕಿದವರು ಭಾನುವಾರ ಮೈದಾನದಲ್ಲಿ ಮಾಡಿದ್ದೆಲ್ಲ ನಮಗೆ ಅಂಕ, ಬೆಂಚಿನಲ್ಲಿ ಕೂರಿಸಿದವರದು ಇಲ್ಲ. ಪ್ರತಿ ವಾರ ಒಂದು ತಂಡಕ್ಕೆ ಇನ್ನೊಂದು ಎದುರಾಳಿ. ನನ್ನದೂ ಜೆಮ್ಮಾಳದೂ ಒಂದೇ ತಂಡ, ಮೂರು ವರ್ಷದಿಂದ. ಜುಲೈನಲ್ಲಿ ನಾವು ಒಡೆದೆವು. ತಂಡ ಒಡೆಯುವ ಹಾಗಿಲ್ಲ.

ಹಾಗಂತ ಆಗಸ್ಟಿನಲ್ಲಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದು ಆರ್ವಿಲ್. ಶಾಲೆ ಬಸ್ಸಿನ ಡ್ರೈವರ್, ಲೀಗಿನ ಕಮಿಷನರ್, ನಗು ಎಂಬುದನ್ನು ನಿಯಮಾವಳಿಯಲ್ಲಿ ಹುಡುಕಿ ಸಿಗದೆ ಕೈಬಿಟ್ಟ ಮನುಷ್ಯ.

"ನೀವಿಬ್ರು ಬಿಟ್ಕೊಂಡ್ರಿ ಅಂತ ತಂಡ ಬಿಡೋಕಾಗಲ್ಲ. ಸೋತು ಹೊರಗೆ ಬೀಳೋವರೆಗೂ ಇಬ್ಬರೂ ನೋಡ್ಕೋಬೇಕು. ಮಧ್ಯ ಕೈಬಿಟ್ರೆ ಉಳಿದ ಹನ್ನೊಂದು ತಂಡದ ಲೆಕ್ಕ ಹಾಳು."

"ಮಗು ಇದ್ದಂಗೆ," ಅಂದೆ.

"ಮಗು ಆಗಿದ್ರೆ ಕೋರ್ಟಿಗೆ ಹೋಗ್ಬೋದಿತ್ತು. ಇಲ್ಲಿ ನಾನೇ ಕೋರ್ಟು."

ಜೆಮ್ಮಾ ತಲೆಯಾಡಿಸಿದಳು. ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ನನ್ನೊಬ್ಬನನ್ನು ಬಿಟ್ಟು.

ಹೀಗಾಗಿ ತಂಡ ಉಸಿರಾಡುತ್ತಿರುವವರೆಗೆ ಮಂಗಳವಾರ ಅವಳು ನನ್ನೊಂದಿಗೆ ಮಾತಾಡಲೇಬೇಕು. ಡಿಸೆಂಬರಿನಲ್ಲಿ ನಾಕೌಟ್. ಅಲ್ಲಿ ಸೋತ ದಿನ ಎಲ್ಲ ಮುಗಿಯಿತು. ಆದ್ದರಿಂದ ಗೆಲ್ಲತಕ್ಕದ್ದು. ಹೀಗೆಂದು ಕ್ಯಾಸಿಮಿರ್ ವಿಸ್ನೆಸ್ಕಿ, ಶೂ ಇಲಾಖೆ, ಈ ಮೂಲಕ ಆಜ್ಞಾಪಿಸುತ್ತಾನೆ.


ಸೆಪ್ಟೆಂಬರ್ 16, ಮಂಗಳವಾರ

ತಂಡಕ್ಕೆ ಪುನರ್ನಾಮಕರಣ ಮಾಡಿದೆ — "ಪರಮಪೂಜ್ಯ ಮೊಣಕಾಲುಗಳು". ಅನಿವಾರ್ಯ. ರನ್ನಿಂಗ್ ಬ್ಯಾಕ್ ಎಂದರೆ ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಗೋಡೆಯಂಥ ಗಂಡಸರ ಮೇಲೆ ನುಗ್ಗುವವನು. ಬೇಗ ಮುರಿಯುವ ಜಾತಿ. ದೊಡ್ಡ ಹೆಸರಿನವರನ್ನು ಆಗಸ್ಟಿನಲ್ಲೇ ಎಲ್ಲರೂ ಬಾಚಿಕೊಂಡಿರುತ್ತಾರೆ. ಯಾರಿಗೂ ಬೇಡದವನನ್ನು ಹುಡುಕಿ ತೆಗೆಯುವುದೇ ವಿದ್ಯೆ. ಮಂಗಳವಾರ ಹೆಸರು ಹಾಕಬೇಕು, ಬುಧವಾರ ಬೆಳಿಗ್ಗೆ ಯಾರು ಯಾರಿಗೆ ಸಿಕ್ಕರು ಎಂದು ತಿಳಿಯುತ್ತದೆ.

ಆ ವಿದ್ಯೆ ಜೆಮ್ಮಾಳದು. ನನ್ನದು ನಾಮಕರಣ.

ಮೆಸೇಜ್: "ಹೆಸರು ನೋಡಿದೆ." ಅಷ್ಟೇ. ಚುಕ್ಕಿ ಇಟ್ಟಿದ್ದಾಳೆ. ನಗುವವರು ಚುಕ್ಕಿ ಇಡುವುದಿಲ್ಲ.


ಅಕ್ಟೋಬರ್ 5, ಭಾನುವಾರ

ಪ್ಲಂಕೆಟ್‌ನ ಮೊಣಕಾಲು ಹೋಯಿತು. ನಮ್ಮ ಮೊದಲ ಆಯ್ಕೆ. ಯಾರೂ ಮುಟ್ಟದೆ ಒಬ್ಬನೇ ತಿರುಗಿದ, ಹುಲ್ಲಿನ ಮೇಲೆ ಕೂತ. ಗಾಡಿ ಬಂತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಸಂಜೆ ಅಂಗಡಿಯ ಅಡುಗೆ ಕಟ್ಟೆಯ ಮೇಲೆ ಮೊಣಕಾಲಿನ ಅಂತ್ಯಕ್ರಿಯೆ ನಡೆಸಿದೆ. ಒಂದು ಬೌಲಿಂಗ್ ಪಿನ್ನಿಗೆ ಬಿಳಿ ಕರವಸ್ತ್ರ, ಸುತ್ತ ಕರಿದ ಈರುಳ್ಳಿ ಬಳೆಗಳು, ನಡುವೆ ಹುಟ್ಟುಹಬ್ಬದ ಮೇಣದಬತ್ತಿ. ಅಕ್ಕ ಬರ್ನಡೆಟ್ ಎಣ್ಣೆ ಬಾಂಡಲೆಯ ಮುಂದೆ ನಿಂತು ನೋಡಿದಳು.

"ಇದನ್ನ ಅವಳಿಗೆ ಕಳಿಸ್ತೀಯಾ?"

"ಶೋಕವಾರ್ತೆ ತಿಳಿಸೋದು ಧರ್ಮ."

"ಕ್ಯಾಜ್, ಇಡೀ ಊರಲ್ಲಿ ಬೇರೆ ಹುಡುಗೀರಿಲ್ವೇನೋ?"

"ಇದ್ದಾರೆ. ಅವರಿಗೆ ರನ್ನಿಂಗ್ ಬ್ಯಾಕ್ ಗೊತ್ತಿಲ್ಲ."

"ಅವಳಿಗೆ ನೀನು ಗೊತ್ತು. ಅದೇ ಕಷ್ಟ ಆಗಿರೋದು." ಈರುಳ್ಳಿ ಬಳೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಸಮಾಧಿ ಅಪವಿತ್ರವಾಯಿತು.

ಕಳಿಸಿದೆ.


ಅಕ್ಟೋಬರ್ 7, ಮಂಗಳವಾರ

ಫೋನ್ ಮಾಡಿದಳು. ಮೆಸೇಜ್ ಅಲ್ಲ. ಫೋನ್.

"ಅಂತ್ಯಕ್ರಿಯೆ ಫೋಟೋ ನೋಡ್ದೆ."

"ನಗ್ತಿದ್ದೀಯಾ?"

"ಇಲ್ಲ."

ನಗುತ್ತಿದ್ದಳು. ಮೂರು ವರ್ಷ ಆ ದನಿಯ ಪಕ್ಕದಲ್ಲಿ ಕೂತವನಿಗೆ ಅಷ್ಟು ತಿಳಿಯುತ್ತದೆ.

"ಕೇಳಿಲ್ಲಿ. ಎಲ್ಲರೂ ಈಗ ಪ್ಲಂಕೆಟ್ ಜಾಗಕ್ಕೆ ಬರೋನಿಗೆ ಮುಗಿಬೀಳ್ತಾರೆ. ಬೀಳಲಿ. ನಾವು ಟ್ರಸ್ಕಾಟ್‌ನ ಕೇಳೋಣ."

"ಯಾರವನು?"

"ಅದೇ. ಯಾರಿಗೂ ಗೊತ್ತಿಲ್ಲ. ನಾಲ್ಕು ತಂಡ ತೆಗೆದುಹಾಕಿವೆ. ಈಗಿರೋ ತಂಡದಲ್ಲಿ ಸರದಿಯಲ್ಲಿ ಮೂರನೆಯೋನು."

"ಮುದುಕನಾ?"

"ಇಪ್ಪತ್ತೆಂಟು. ಓಟಗಾರರ ಲೆಕ್ಕದಲ್ಲಿ ಮುದುಕನೇ. ಅವನು ಓಡೋದನ್ನ ನೋಡ್ಬೇಡ ಕ್ಯಾಜ್, ಓಡೋದನ್ನ ಎಲ್ಲರೂ ನೋಡ್ತಾರೆ. ಚೆಂಡು ಅವನ ಕೈಲಿ ಇಲ್ದಾಗ ನೋಡು. ಎದುರಿಂದ ಬರೋನಿಗೆ ಅಡ್ಡ ನಿಲ್ತಾನೆ. ಚೆಂಡು ಎಸೆಯೋನ ಮೈಗೆ ಒಬ್ಬರನ್ನೂ ತಾಕಿಸಲ್ಲ. ಅಂಥೋನನ್ನ ಯಾವ ಕೋಚೂ ಹೊರಗೆ ಕೂರಿಸಲ್ಲ. ಒಳಗೆ ನಿಂತಿದ್ದೋನಿಗೆ ಚೆಂಡು ಒಂದಿನ ಬಂದೇ ಬರುತ್ತೆ."

ಫೋನ್ ಇಟ್ಟ ಮೇಲೆ ಟ್ರಸ್ಕಾಟ್‌ನ ಆಟ ಹುಡುಕಿ ನೋಡಿದೆ. ಹೌದು. ಅಡ್ಡ ನಿಲ್ಲುತ್ತಾನೆ. ಒದೆ ತಿಂದು ಎದ್ದು ಮತ್ತೆ ಅಡ್ಡ ನಿಲ್ಲುತ್ತಾನೆ. ಯಾರೂ ಅವನ ಹೆಸರು ಹೇಳುವುದಿಲ್ಲ. ನನಗೆ ಯಾಕೋ ಅವನ ಮೇಲೆ ಸ್ವಲ್ಪ ಹೊಟ್ಟೆಯುರಿ.


ಅಕ್ಟೋಬರ್ 8, ಬೆಳಿಗ್ಗೆ

ಟ್ರಸ್ಕಾಟ್ ನಮ್ಮವನು. ಬೇರೆ ಯಾರೂ ಕೇಳಿಯೇ ಇರಲಿಲ್ಲ.


ಅಕ್ಟೋಬರ್ 26, ಭಾನುವಾರ

ಅವನ ತಂಡದ ಮೊದಲನೆಯವನಿಗೆ ಪಕ್ಕೆಲುಬಿನ ಪೆಟ್ಟು, ಎರಡನೆಯವನ ಕೈಯಿಂದ ಚೆಂಡು ಜಾರಿತು, ಎರಡು ಸಲ. ಕೋಚ್ ತಿರುಗಿ ನೋಡಿದ. ಪಕ್ಕದಲ್ಲಿ ಟ್ರಸ್ಕಾಟ್ ನಿಂತಿದ್ದ.

ನೂರ ಮೂವತ್ತು ಗಜ ಓಡಿದ ಮಹಾನುಭಾವ. ಚೆಂಡಿನೊಂದಿಗೆ ಕೊನೆಯ ಗೆರೆ ದಾಟಿ ಎರಡು ಟಚ್‌ಡೌನ್. ಲೀಗಿನ ಗುಂಪಿನಲ್ಲಿ ಎಲ್ಲರಿಂದ ಒಂದೇ ಪ್ರಶ್ನೆ — ಯಾರಪ್ಪ ಇವನು. ಆರ್ವಿಲ್ ಮಾತ್ರ ನಿಯಮಾವಳಿಯ ಮೂರನೇ ಪುಟ ಕಳಿಸಿದ, ತಂಡದ ಹೆಸರಿನಲ್ಲಿ ಧಾರ್ಮಿಕ ಪದವಿ ಬಳಸಬಾರದಂತೆ.

ಜೆಮ್ಮಾ: "ಹೇಳಿರ್ಲಿಲ್ವಾ" ಚುಕ್ಕಿಯಿಲ್ಲ. ಮಲಗುವ ಮುಂಚೆ ಇನ್ನೊಮ್ಮೆ ನೋಡಿದೆ. ಚುಕ್ಕಿಯಿಲ್ಲ.


ನವೆಂಬರ್ 11, ಮಂಗಳವಾರ

ಬಂದಳು. ಇಲ್ಲಿಗೆ. ಸ್ವತಃ.

ದಂತವೈದ್ಯರ ಕ್ಲಿನಿಕ್ಕಿನಿಂದ ನೇರ ಬಂದಿದ್ದಳು, ಕೋಟಿನ ಕೆಳಗೆ ಅಲ್ಲಿನ ಕೆಲಸದ ನೀಲಿ ಅಂಗಿ. ಸರೋವರದ ಕಡೆಯಿಂದ ಹಿಮ ಶುರುವಾಗಿತ್ತು, ಕೂದಲಲ್ಲಿ ಇನ್ನೂ ಕರಗಿರಲಿಲ್ಲ. ಕೊನೆಯ ಲೇನಿನ ಹಿಂದಿನ ಮೇಜಿನಲ್ಲಿ ಕೂತೆವು. ಬರ್ನಡೆಟ್ ಕೇಳದೆಯೇ ಮಾಂಸ ತುಂಬಿ ಕರಿದ ಒಂದು ತಟ್ಟೆ ಪೆಪ್ಪರೋನಿ ಉಂಡೆ ತಂದಿಟ್ಟು, ನನ್ನ ತಲೆಗೆ ಮೆಲ್ಲಗೆ ಮೊಟಕಿ ಹೋದಳು. ಬುದ್ಧಿಯಿಂದಿರು ಎಂದು ಅರ್ಥ.

ಫೋನನ್ನು ಕೆಚಪ್ ಬಾಟಲಿಗೆ ಒರಗಿಸಿ ಹಳೆಯ ಆಟ ನೋಡಿದೆವು. ಹ್ಯಾಲರನ್ ಎಂಬ ಇನ್ನೊಬ್ಬ ಓಟಗಾರನನ್ನು ತೋರಿಸಿದಳು, ಹೆಸರು ಹಾಕಿದೆವು. ಯಾರೂ ಕೇಳದವನು. ಪಾದ ಸ್ವಲ್ಪ ನೋವು, ಆದರೆ ಕೆಲಸಕ್ಕೆ ಬರುತ್ತಾನೆ. ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ನಾನು ಎದ್ದು, ಕೈಯಲ್ಲಿ ಉಂಡೆ ಹಿಡಿದು, ಹ್ಯಾಲರನ್‌ನ ಪಾದಕ್ಕೆ ಸ್ವಾಗತ ಭಾಷಣ ಶುರು ಮಾಡಿದೆ. ಮಾನ್ಯ ಪಾದವೇ, ಈ ಸುಸಂದರ್ಭದಲ್ಲಿ...

"ಒಂದ್ಸಲ ಸುಮ್ನೆ ಕೂತ್ಕೋ ಕ್ಯಾಜ್."

ಕೂತೆ.

"ನಿಂಗೆ ಸುಮ್ನಿರೋಕೆ ಬರುತ್ತೆ. ನಾನು ನೋಡಿದ್ದೀನಿ. ನಮ್ಮಪ್ಪ ಆಸ್ಪತ್ರೇಲಿದ್ದಾಗ ರಾತ್ರಿಯಿಡೀ ಏನೂ ಮಾತಾಡ್ದೆ ಕೂತಿದ್ದೆ ನೀನು. ಆಮೇಲೆ ಯಾಕೆ ನಿಲ್ಲಿಸ್ಬಿಟ್ಟೆ?"

ಉತ್ತರ ಗೊತ್ತಿತ್ತು. ಹೇಳಲಿಲ್ಲ. ಸುಮ್ಮನಿದ್ದರೆ ಅವಳಿಗೆ ನಾನು ಎಷ್ಟು ಸಾದಾ ಮನುಷ್ಯ ಎಂಬುದು ಕಂಡುಬಿಡುತ್ತದೆ, ಅಷ್ಟೇ. ಸುಮ್ಮನೆ ಕೂತೆ. ಇಬ್ಬರೂ. ಆಟ ಮುಗಿದು ಫೋನ್ ಕಪ್ಪಾಯಿತು. ಆಮೇಲೂ ಕೂತಿದ್ದೆವು.

ಇದ್ದಕ್ಕಿದ್ದಂತೆ ಎದ್ದಳು. ಕೋಟಿನ ಒಂದೇ ತೋಳು ಹಾಕಿಕೊಂಡು ಬಾಗಿಲಿನ ತನಕ ಹೋಗಿ ತಿರುಗಿದಳು.

"ಮುಂದಿನ ಸಲ ಮೆಸೇಜ್ ಸಾಕು."

ತಟ್ಟೆಯಲ್ಲಿ ಅವಳು ಅರ್ಧ ಕಚ್ಚಿದ ಉಂಡೆ. ಬರ್ನಡೆಟ್ ತೆಗೆಯಲು ಬಂದಳು, ನನ್ನ ಮುಖ ನೋಡಿದಳು, ಹಾಗೇ ಬಿಟ್ಟು ಹೋದಳು.


ನವೆಂಬರ್ 30, ಭಾನುವಾರ

ಮಂಗಳವಾರ ಬಂದ ಮೆಸೇಜ್: "ಈ ವಾರ ನೀನೇ ನೋಡ್ಕೋ."

ನೋಡಿಕೊಂಡೆ. ಗೆದ್ದೆವು. ಶೂಗಳೆಲ್ಲ ಅವುಗಳ ಗೂಡಿನಲ್ಲೇ ಇವೆ. ಯಾರಿಗೂ ಏನೂ ಮಾಡಿಲ್ಲ. ಬರ್ನಡೆಟ್ ಹಣೆ ಮುಟ್ಟಿ ನೋಡಿದಳು, ಜ್ವರವೇ ಎಂದು.


ಡಿಸೆಂಬರ್ 9, ಮಂಗಳವಾರ

ನಾಕೌಟ್ ತಲುಪಿದೆವು. ಫೋನ್ ನಾನೇ ಮಾಡಿದೆ. ಭಾನುವಾರ ಆರ್ವಿಲ್‌ನ ತಂಡ ಎದುರಾಳಿ. ಅವನದು ಭಾರಿ ತಂಡ.

"ಗೆದ್ರೆ ಇನ್ನೂ ಎರಡು ಮಂಗಳವಾರ," ಅಂದೆ. ಹಾಗೆ ಹೇಳಬೇಕೆಂದಿರಲಿಲ್ಲ. ಇನ್ನೂ ಎರಡು ಆಟ ಎನ್ನಬೇಕಿತ್ತು.

ಅವಳ ಹಿಂದೆ ಯಾರದೋ ಹಲ್ಲು ಉಜ್ಜುವ ಯಂತ್ರದ ಸದ್ದು.

"ಟ್ರಸ್ಕಾಟ್‌ನ ಆಡಿಸು," ಅಂದಳು ಕೊನೆಗೆ. "ಹ್ಯಾಲರನ್ ಬೇಡ, ಪಾದದ ನೋವು ಜೋರಾಗಿದೆ."

"ಅಪ್ಪಣೆ."

"ಕ್ಯಾಜ್..."

"ಹ್ಞಾಂ?"

"ಏನಿಲ್ಲ. ಪೇಶಂಟ್ ಕಾಯ್ತಿದ್ದಾರೆ."


ಡಿಸೆಂಬರ್ 13, ಶನಿವಾರ

ಟ್ರಸ್ಕಾಟ್ ಒಳಗೆ. ಹ್ಯಾಲರನ್ ಬೆಂಚಿಗೆ. ಮೂರು ಸಲ ನೋಡಿದೆ. ಅವಳಿಗೆ ಮೆಸೇಜ್ ಹಾಕಿದೆ — ಸೈನ್ಯ ಸಜ್ಜಾಗಿದೆ. ಓದಿದ್ದಾಳೆ. ಉತ್ತರವಿಲ್ಲ.


ಡಿಸೆಂಬರ್ 14, ಭಾನುವಾರ, 11.50

ಆಟ ಶುರುವಾಗುವ ಒಂದೂವರೆ ಗಂಟೆ ಮುಂಚೆ ತಂಡಗಳು ಇವತ್ತು ಯಾರು ಆಡುವುದಿಲ್ಲ ಎಂಬ ಪಟ್ಟಿ ಬಿಡುತ್ತವೆ. ಅದನ್ನು ನೋಡದೆ ಬಿಡುವುದು ಈ ಲೀಗಿನಲ್ಲಿ ಪ್ಯಾಂಟಿನ ಜಿಪ್ ಹಾಕದೆ ಚರ್ಚಿಗೆ ಹೋದಂತೆ. ಆಡದವನನ್ನು ಆಡಿಸಿ ಸೊನ್ನೆ ತಂದುಕೊಂಡವನ ಕಥೆ ಮುಂದಿನ ಹತ್ತು ವರ್ಷ ಹೇಳುತ್ತಾರೆ.

ಪಟ್ಟಿ ಬಂತು. ಹ್ಯಾಲರನ್ ಆಡುವುದಿಲ್ಲ. ಗೊತ್ತಿದ್ದದ್ದೇ.

ನಮ್ಮ ತಂಡ ತೆರೆದು ನೋಡಿದರೆ ಹ್ಯಾಲರನ್ ಒಳಗಿದ್ದಾನೆ. ಟ್ರಸ್ಕಾಟ್ ಬೆಂಚಿನಲ್ಲಿ.

ನಾನಲ್ಲ. ಹಾಗಾದರೆ ಅವಳು. ಬೆರಳು ಜಾರಿದೆ. ಜೆಮ್ಮಾ ಫಸ್ಕೊಳಿಂದ ಮೂರು ವರ್ಷದಲ್ಲಿ ಮೊದಲ ತಪ್ಪು. ಇದನ್ನು ಕಲ್ಲಿನಲ್ಲಿ ಕೆತ್ತಿಸತಕ್ಕದ್ದು. ಈಗಲೇ ಫೋನ್ ಮಾಡುತ್ತೇನೆ.


12.10

ಮಾಡಿದೆ.

"ಮಾನ್ಯರೇ," ಅಂದೆ, "ಒಂದು ಮಹಾಪರಾಧ ನಮ್ಮ ಗಮನಕ್ಕೆ ಬಂದಿದೆ. ಕುಂಟುಪಾದದ ಹ್ಯಾಲರನ್ ಸಿಂಹಾಸನದ ಮೇಲೆ ಕೂತಿದ್ದಾನೆ. ಅಪರಾಧಿ ತಪ್ಪೊಪ್ಪಿಕೊಂಡರೆ ಪೀಠ ದಯೆ ತೋರಬಹುದು."

ಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಂಡೆ.

"ಜೆಮ್ಮಾ? ಲೈನಲ್ಲಿದ್ದೀಯಾ? ಹ್ಯಾಲರನ್ ಇವತ್ತು ಆಡಲ್ಲ ಕಣೇ."

"ಗೊತ್ತು."

"ಈಗ ಗೊತ್ತಾಯ್ತಾ?"

"ಹನ್ನೊಂದೂವರೆಗೇ ಗೊತ್ತು. ಪಟ್ಟಿ ನೋಡೇ ಹಾಕ್ದೆ."

ಆಮೇಲೆ ಹೇಳಿದಳು. ಅಳುತ್ತಿರಲಿಲ್ಲ, ಅತ್ತು ಮುಗಿಸಿದ ದನಿ.

"ಒಂದ್ಸಲ ಬಿಟ್ಟು ಬರೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ ನಂಗೆ? ಈಗ ಪ್ರತಿ ಮಂಗಳವಾರ ಮತ್ತೆ ಮೊದಲಿಂದ ಬಿಡ್ತಿದ್ದೀನಿ. ನೀನು ನಗಿಸ್ತೀಯ, ಫೋನಿಡ್ತೀನಿ, ಮತ್ತೆ ಬಿಡ್ತೀನಿ. ಆವತ್ತು ಆ ಮೇಜಿನ ಹತ್ರ ಇನ್ನೊಂದು ನಿಮಿಷ ಕೂತಿದ್ರೆ ವಾಪಸ್ ಬಂದ್ಬಿಡ್ತಿದ್ದೆ."

"ಬಾ ಹಾಗಾದ್ರೆ."

"ಬಂದು? ಜುಲೈಗೆ ಮತ್ತೆ ಇದೇ. ನಾನು ಏನಾದ್ರೂ ಕೇಳೋದು, ನೀನು ಭಾಷಣ ಮಾಡೋದು. ನಂಗಾಗಲ್ಲ ಕ್ಯಾಜ್. ಕೈಬಿಡೋಕೆ ಆರ್ವಿಲ್ ಬಿಡಲ್ಲ. ಸೋಲೋದೊಂದೇ ದಾರಿ. ನಿನ್ನ ಕೈಲೂ ತಂಡ ತೆರೆಯೋಕಾಗುತ್ತೆ. ಬದಲಾಯಿಸ್ಬೇಕು ಅಂದ್ರೆ ಬದಲಾಯಿಸು, ನಾನು ಮತ್ತೆ ಮುಟ್ಟಲ್ಲ."

ಫೋನ್ ಇಟ್ಟಳು.


12.35

ಟ್ರಸ್ಕಾಟ್‌ನನ್ನು ಒಳಗೆ ತಂದರೆ ಗೆಲ್ಲಬಹುದು. ಅವನ ಎದುರಿಗಿರುವುದು ಓಟ ತಡೆಯಲಾಗದ ತಂಡ. ಸೊನ್ನೆ ಇಟ್ಟುಕೊಂಡು ಆರ್ವಿಲ್‌ನನ್ನು ಸೋಲಿಸುವುದು ಆಗದ ಮಾತು.

ಒಂದು ಬೆರಳಿನ ಕೆಲಸ. ಅಷ್ಟಕ್ಕೆ ಇನ್ನೂ ಎರಡು ಮಂಗಳವಾರ. ನಗಿಸುತ್ತೇನೆ. ನಗುತ್ತಾಳೆ. ಅವಳು ನಕ್ಕ ಪ್ರತಿ ಸಲ ನಾನು ಗೆದ್ದೆ ಎಂದುಕೊಂಡಿದ್ದೆ.

ಬರ್ನಡೆಟ್ ಬಂದು ಎದುರಿಗೆ ಕೂತಳು.

"ಮುಖ ಯಾಕೋ ಹಂಗಿದೆ? ತಂಡ ಹಾಕಾಯ್ತಾ?"

"ಆಯ್ತು."

"ಸರಿಯಾಗಿದೆಯಾ?"

ಒಂದು ಒಳ್ಳೆಯ ಉತ್ತರ ಹೊಳೆಯಿತು, ಘೋಷಣೆಯ ಧಾಟಿಯದು. ಹೇಳಲಿಲ್ಲ.

"ಜೆಮ್ಮಾ ಹಾಕಿದ್ದಾಳೆ," ಅಂದೆ.

"ಹಾಗಾದ್ರೆ ಸರಿಯಾಗೇ ಇರುತ್ತೆ."


12.57

ಬೆರಳು ಟ್ರಸ್ಕಾಟ್‌ನ ಹೆಸರಿನ ಮೇಲಿದೆ. ಒತ್ತಿಲ್ಲ.


1.00

ಹೆಸರುಗಳ ಪಕ್ಕ ಪುಟ್ಟ ಬೀಗದ ಚಿತ್ರ ಬಂತು. ಆಟ ಶುರು, ಇನ್ನು ಬದಲಾಯಿಸಲು ಯಾರಿಂದಲೂ ಆಗದು. ಫೋನನ್ನು ಕೌಂಟರಿನ ಮೇಲೆ ಬೋರಲು ಹಾಕಿದೆ.


1.40

ಗೋಡೆಯ ಟಿವಿಯಲ್ಲಿ ಟ್ರಸ್ಕಾಟ್‌ನದೇ ಆಟ. ಹದಿನೆಂಟು ಗಜ ಓಡಿದ. ಆಮೇಲೆ ಒಂದು ಟಚ್‌ಡೌನ್. ನಮ್ಮ ಲೆಕ್ಕದಲ್ಲಿ ಬೆಂಚಿನವನು, ಒಂದು ಅಂಕವೂ ಸೇರುವುದಿಲ್ಲ. ಒಂಬತ್ತನೇ ಸೈಜ್ ಕೇಳಲು ಬಂದ ಹುಡುಗಿಗೆ ಒಂಬತ್ತನೇ ಸೈಜೇ ಕೊಟ್ಟೆ.

ಫೋನ್ ಒಮ್ಮೆ ನಡುಗಿತು. ಜೆಮ್ಮಾ. "ನೋಡ್ದೆ. ಥ್ಯಾಂಕ್ಸ್ ಕ್ಯಾಜ್." ಕೊನೆಯಲ್ಲಿ ಚುಕ್ಕಿ.

ಉತ್ತರ ಬರೆದೆ. ಅಳಿಸಿದೆ. ಇನ್ನೊಂದು ಬರೆದೆ. ಅದು ತಮಾಷೆಯದು. ಅದನ್ನೂ.


1.52

ಮತ್ತೆ ಅವನಿಗೇ ಚೆಂಡು. ಎಡಕ್ಕೆ ವಾಲಿದ, ಒಬ್ಬನ ಕೈ ತಪ್ಪಿಸಿಕೊಂಡ, ಇನ್ನೊಬ್ಬ ಜಾರಿಬಿದ್ದ. ಬರ್ನಡೆಟ್ ಬಾಂಡಲೆ ಬಿಟ್ಟು ಬಂದು ನಿಂತಿದ್ದಾಳೆ, ಇವನು ನಿಮ್ಮೋನಲ್ವೇನೋ ಅನ್ನುತ್ತಿದ್ದಾಳೆ. ಬಿಳಿ ಗೆರೆಯ ಅಂಚಿನಲ್ಲೇ ಓಡುತ್ತಿದ್ದಾನೆ, ಮುಂದೆ ಯಾರೂ ಇಲ್ಲ.