ಸಿರಿಂಜಿನ ಅಡ್ಡಗೆರೆಗಳು

ದೊಡ್ಡಮ್ಮ,

ಹೇಗಿದ್ದೀಯ ಎಂದು ಕೇಳುವ ತಾಳ್ಮೆ ಇವತ್ತು ನನಗಿಲ್ಲ. ಭಾನುವಾರ ನಿನ್ನ ಮನೆಯಲ್ಲಿ, ಇಡೀ ಬಳಗದ ಮುಂದೆ, ನನ್ನ ಹೊಸ ಕನ್ನಡಕ ನೋಡಿ ನೀನು ನಕ್ಕೆ. "ಪಾಪ, ನರ್ಸಿಂಗ್ ಇವಳ ತಲೆಗೆ ಹತ್ತಲಿಲ್ಲ. ಈಗ ನೋಡಿ, ಪಂಡಿತೆ ಥರ ಕನ್ನಡಕ!" ತುಟಿ ಕಚ್ಚಿಕೊಂಡು ಕೂತೆ. ಇನ್ನು ಕೂರುವುದಿಲ್ಲ.

ಆಗ ನೀನು ಆಸ್ಪತ್ರೆಯ ಮುಖ್ಯ ನರ್ಸ್. ನಾನು ನಿನ್ನ ಕೈಕೆಳಗೆ ಕಲಿಯಲು ಬಂದ ತಂಗಿಯ ಮಗಳು. ಸಿರಿಂಜನ್ನು ನೆಟ್ಟಗೆ ಹಿಡಿದರೆ ಅದರ ಅಡ್ಡಗೆರೆಗಳು ನನಗೆ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ಮಲಗಿಸಿ ಹಿಡಿದರೆ ಬಿಡಿಬಿಡಿಯಾಗಿ ಎದ್ದು ಕಾಣುತ್ತಿದ್ದವು. ಅದಕ್ಕೇ ಮಲಗಿಸುತ್ತಿದ್ದೆ. ನೀನು ಬೆರಳ ಗೆಣ್ಣಿಗೆ ಕುಟ್ಟಿ, "ನೆಟ್ಟಗೆ ಹಿಡಿಯೇ, ಸೌಟಲ್ಲ ಅದು!" ಎನ್ನುತ್ತಿದ್ದೆ. ನೆಟ್ಟಗೆ ಹಿಡಿದೆ. ಮುದುಕರೊಬ್ಬರ ಔಷಧಿಯನ್ನು ಎರಡರಷ್ಟು ತುಂಬಿದೆ. ಜೊತೆಗೆ ಕಲಿಯುತ್ತಿದ್ದ ಗೆಳತಿ ನನ್ನ ಕೈ ತಡೆಯದಿದ್ದರೆ ಒಂದು ಜೀವ ಹೋಗುತ್ತಿತ್ತು. ನೀನು ವಾರ್ಡಿನ ನಡುವೆಯೇ ನನ್ನ ಏಪ್ರನ್ ಬಿಚ್ಚಿಸಿದೆ. "ಸರಿಯಾಗಿ ಕಾಣಲ್ಲ, ದೊಡ್ಡಮ್ಮ" ಎಂದು ಅತ್ತೆ. "ಕಣ್ಣು ನೆತ್ತಿ ಮೇಲಿದ್ರೆ ಹೇಗೆ ಕಾಣುತ್ತೆ!" ಇದು ನಿನ್ನ ಉತ್ತರ.

ಕೆಳಮಹಡಿಯಲ್ಲೇ ಕಣ್ಣಿನ ವಿಭಾಗವಿತ್ತು! ನನ್ನನ್ನು ಗೇಟಿನಾಚೆಗೆ ಕಳಿಸಿದೆ, ಅಲ್ಲಿಗೆ ಕಳಿಸಲಿಲ್ಲ.

ಹೋದ ತಿಂಗಳು ತಲೆನೋವೆಂದು ಹೋದಾಗ ಕಣ್ಣಿನ ಡಾಕ್ಟರು ಗಡಿಯಾರದ ಮುಖದಂತೆ ಸುತ್ತಲೂ ಗೆರೆ ಹರಡಿದ ಚಿತ್ರ ತೋರಿಸಿದರು. ಕೆಲವು ಗೆರೆ ಕಪ್ಪಗೆ, ಕೆಲವು ನೀರು ಬಿದ್ದು ಕದಡಿದ ಹಾಗೆ. ಎಲ್ಲರಿಗೂ ಹೀಗೇ ಎಂದುಕೊಂಡಿದ್ದೆ. "ಕಣ್ಣಿನ ಮುಂಭಾಗ ಚೆಂಡಿನ ಹಾಗೆ ಗುಂಡಗಿಲ್ಲಮ್ಮ, ಒಂದು ಕಡೆ ಹೆಚ್ಚು ಬಾಗಿದೆ. ಅಸ್ಟಿಗ್ಮಾಟಿಸಂ ಅಂತಾರೆ. ಕನ್ನಡಕ ಹಾಕಿದ್ರೆ ಸರಿಹೋಗುತ್ತೆ" ಎಂದರು. ಅಷ್ಟೇ! ಅಷ್ಟಕ್ಕೆ ಅರ್ಧ ಆಯಸ್ಸು ಲಾಂಡ್ರಿಯಲ್ಲಿ ನಿಂತು ಬೇರೆಯವರ ಬಿಳಿ ಬಟ್ಟೆಗೆ ಇಸ್ತ್ರಿ ಹಾಕಿದೆ.

ನನ್ನದು ಹೋಯಿತು, ಬಿಡು. ಆದರೆ ಅದೇ ಭಾನುವಾರ ನಿನ್ನ ಮೊಮ್ಮಗಳು ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದಳು. "ಮುಖ ಸೊಟ್ಟ ಮಾಡಿದ್ರೆ ಮೂತಿಗೆ ತಿವೀತೀನಿ" ಎಂದು ನೀನು ಗದರಿದೆ. ನನ್ನ ಮೈ ಉರಿಯಿತು. ಇವತ್ತು ಅವಳ ಅಮ್ಮನಿಗೆ ಹೇಳಿ, ಮಗುವನ್ನು ನಾನೇ ಡಾಕ್ಟರ ಹತ್ತಿರ ಕರೆದೊಯ್ದೆ. ಅವಳಿಗೂ ಅದೇ. ಪರೀಕ್ಷೆಗೆಂದು ಕಣ್ಣಿಗೆ ಗಾಜು ಇಟ್ಟ ಕೂಡಲೇ, "ಅತ್ತೆ, ನಿಮ್ಮ ಕೆನ್ನೆ ಮೇಲೆ ಮಚ್ಚೆ ಇದೆ!" ಎಂದು ಕೂಗಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಜ್ಜಿ ಬೈತಾರಾ?"

ಇಲ್ಲವೆಂದು ಮಾತು ಕೊಟ್ಟಿದ್ದೇನೆ. ಅದನ್ನು ಉಳಿಸುವುದು ನಿನ್ನ ಕೈಲಿದೆ.

ನೂರು ಕಾಲ ಬಾಳು ದೊಡ್ಡಮ್ಮ, ಅವಳು ಕಣ್ತುಂಬ ಓದುವುದನ್ನು ನೋಡಲಿಕ್ಕಾದರೂ.

ಸಿಟ್ಟು ಇನ್ನೂ ಇಳಿಯದ,
ನಿನ್ನ ತಂಗಿಯ ಮಗಳು