ಸಿಸಿಲಿಯಿಂದ ಬಂದ ಇಮೇಲ್

ಮಹ್ದಿಯಾ
ನವೆಂಬರ್ 12, ಮಂಗಳವಾರ

ನನ್ನ ವಸೀಲಾ,

ನಿನ್ನೆ ಫೋನಿನಲ್ಲಿ ನೀನು ಅಳುತ್ತ ನಗುತ್ತ, "ಅಕ್ಕಾ, ನನ್ನ ಮಗ ಬದುಕಿದಾನೆ, ಘಸ್ಸಾನ್ ಬದುಕಿದಾನೆ! ಸಿಸಿಲಿಯಿಂದ ವಕೀಲರು ಇಮೇಲ್ ಮಾಡಿದಾರೆ. ಯಾರಿಗೂ ಹೇಳ್ಬಾರ್ದಂತೆ, ನಿಂಗೊಬ್ಬಳಿಗೇ ಹೇಳ್ತಿದೀನಿ" ಅಂದೆ. ನಾನು "ದೇವರು ದೊಡ್ಡವನು" ಎಂದುಬಿಟ್ಟೆ. ಹಾಗನ್ನಬಾರದಿತ್ತು. ನಿನ್ನ ಆ ದನಿ ಕೇಳುತ್ತ ಬೇರೆ ಮಾತು ಬಾಯಿಗೆ ಬರಲಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮೂರು ಗಾಬಿಸ್‌ಗೆ ಹೋಗುವ ವ್ಯಾನಿನ ಚಾಲಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಇದನ್ನು ಓದಿ ಮುಗಿಸುವವರೆಗೆ ಆ ವಕೀಲರು ಕೇಳಿದ ದುಡ್ಡಿಗಾಗಿ ನಿನ್ನ ಆಲಿವ್ ಮರಗಳ ಮಾರಾಟಕ್ಕೆ ಸಹಿ ಹಾಕಬೇಡ. ಸಹಿ ಹಾಕದಂತೆ ನಿನ್ನ ತಮ್ಮನಿಗೂ ಹೇಳು.

ಅವನು ವಕೀಲನಲ್ಲ. ಆ ಇಮೇಲ್ ಮೋಸ. ನನಗೆ ಗೊತ್ತು, ಏಕೆಂದರೆ ಅದೇ ಮನುಷ್ಯ ಮಾರ್ಚಿನಿಂದ ನನಗೂ ಬರೆಯುತ್ತಿದ್ದಾನೆ.

ನಿನಗೆ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ ಒಂದೇ ಮೇಜಿಗೆ ನಿಂತು ಡಬ್ಬಿಗೆ ಮೀನು ತುಂಬಿದವರು ನಾವು. ನಮ್ಮ ಹುಡುಗರು ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಒಂದೇ ದೋಣಿ ಹತ್ತಿ ಇಟಲಿಗೆ ಹೊರಟರು. ಹದಿನಾಲ್ಕು ತಿಂಗಳಾಯಿತು, ದೋಣಿಯ ಸುದ್ದಿಯಿಲ್ಲ. ಅಂಥದರಲ್ಲಿ ನನ್ನ ಹೈತಮ್ ಒಬ್ಬನೇ ಸಿಕ್ಕಿದ ಎಂದು ನಿನಗೆ ಹೇಗೆ ಹೇಳಲಿ? ಹುಡುಗನನ್ನು ಅಲ್ಲಿನ ಶಿಬಿರದಲ್ಲಿ ಕೂಡಿಹಾಕಿದ್ದಾರೆ, ಹೆಸರು ತಪ್ಪಾಗಿ ಬರೆದುಕೊಂಡಿದ್ದರಿಂದ ಪಟ್ಟಿಯಲ್ಲಿಲ್ಲ, ಬಾಯಿಬಿಟ್ಟರೆ ಬೇರೆಡೆ ಸಾಗಿಸುತ್ತಾರೆ ಎಂದು ಅವನು ಬರೆದಿದ್ದ. ಗುಟ್ಟಾಗಿಡಬೇಕೆಂಬ ಮಾತು ನನಗೆ ಅನುಕೂಲವೇ ಆಯಿತು.

ಜೊತೆಗೆ ಫೋಟೋ ಇತ್ತು. ಹೈತಮ್ ಬಿಳಿ ಗೋಡೆಗೆ ಒರಗಿ ನಿಂತಿದ್ದ. ಅದನ್ನು ಪ್ರಿಂಟ್ ಹಾಕಿಸಲು ಬಂದರಿನ ಬಳಿ ಇಂಟರ್ನೆಟ್ ಅಂಗಡಿ ಇಟ್ಟಿರುವ ರಫೀಕಾಳ ಹತ್ತಿರ ಹೋದೆ. ಅವಳು ಪ್ರಿಂಟ್ ಹಾಕದೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಅಕ್ಕಾ, ಮೇಲಿರೋ ಹೆಸರು ವಕೀಲರ ಕಚೇರಿದು. ಅದರ ಮೇಲೆ ಒತ್ತಿದ್ರೆ ಕಾಣೋ ವಿಳಾಸ ನೋಡಿ, ಬರೀ ಅಂಕಿ. ಇಂಥದನ್ನ ಇಲ್ಲೇ ಕೂತು ನಾನೂ ಮಾಡ್ಕೊಡ್ತೀನಿ. ಯಾರಿಗೂ ಹೇಳ್ಬೇಡಿ ಅಂತಾನೆ, ಶನಿವಾರದೊಳಗೆ ಅಂತಾನೆ. ನಿಜವಾದ ವಕೀಲನಿಗೆ ಯಾಕಿಷ್ಟು ಅವಸರ? ದುಡ್ಡು ಕಚೇರಿಗಲ್ಲ, ಯಾರೋ ಒಬ್ಬನ ಹೆಸರಿಗೆ. ಗುರುತಿನ ಚೀಟಿ ಬೇರೆ ಕೇಳ್ತಾನೆ."

ಆಮೇಲೆ ಫೋಟೋ ದೊಡ್ಡದು ಮಾಡಿದಳು. ಹೈತಮ್‌ನ ಹೆಗಲ ಮೇಲೆ ಮೂರು ಬೆರಳು. ಉಗುರಿಗೆ ಗೋರಂಟಿ.

"ಇವು ಯಾರ ಬೆರಳು ಅಕ್ಕಾ?"

ನನ್ನವೇ. ನನ್ನ ತಂಗಿಯ ಮಗಳ ಮದುವೆಯಲ್ಲಿ ತೆಗೆದ, ಫೇಸ್‌ಬುಕ್ಕಿನಲ್ಲಿ ಹಾಕಿದ್ದ ಫೋಟೋ ಅದು. ನನ್ನನ್ನು ಅಳಿಸಿ ಗೋಡೆ ಬಳಿದಿದ್ದಾರೆ. ಬೆರಳು ಉಳಿದುಬಿಟ್ಟಿವೆ.

ನಾನು ರಫೀಕಾಗೆ ಏನೆಂದೆ ಗೊತ್ತೇ? "ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ." ಅವಳು ಎದ್ದು ಪ್ರಿಂಟ್ ಹಾಕಿಕೊಟ್ಟಳು. ಆಮೇಲೆ ತಿಂಗಳುಗಟ್ಟಲೆ ಆ ಅಂಗಡಿಯ ಮುಂದೆ ಹಾಯಲಿಲ್ಲ ನಾನು.

ಬಳೆ ಮಾರಿ ಆ ವಕೀಲನಿಗೆ ದುಡ್ಡು ಕಳಿಸಿದೆ. ಭಾಷಾಂತರ ಮಾಡುವವನಿಗೆ ಎಂದ, ಆಮೇಲೆ ವೈದ್ಯರಿಗೆ ಎಂದ. ಆಗಸ್ಟಿನಲ್ಲಿ ನಾನೊಂದು ಪ್ರಶ್ನೆ ಕಳಿಸಿದೆ: ಹೊರಟ ದಿನ ನನ್ನನ್ನು ಎಬ್ಬಿಸಿ ಏನು ಹೇಳಿದ ಎಂದು ಹೈತಮ್‌ನನ್ನು ಕೇಳಿ. ಮರುದಿನವೇ ಉತ್ತರ ಬಂತು. ಅಮ್ಮನ ಕೈ ಹಿಡಿದು ಆಶೀರ್ವಾದ ಕೇಳಿದೆ ಎನ್ನುತ್ತಾನೆ, ಹೇಳುವಾಗ ಅಳುತ್ತಾನೆ ಎಂದು ಬರೆದಿದ್ದ. ವಸೀಲಾ, ಹೈತಮ್ ನನ್ನನ್ನು ಎಬ್ಬಿಸಲೇ ಇಲ್ಲ. ಹೇಳದೆ ಹೋದ. ಎದ್ದು ನೋಡಿದಾಗ ಹಾಸಿಗೆ ಮಡಿಸಿಟ್ಟಿತ್ತು.

ನಿನ್ನ ವಿಳಾಸ ಅವನಿಗೆ ಎಲ್ಲಿ ಸಿಕ್ಕಿತೋ, ಫೇಸ್‌ಬುಕ್ಕಿನಲ್ಲೇ ಇರಬೇಕು.

ಇಲ್ಲ. ಮೇಲಿನ ಸಾಲು ಸುಳ್ಳು. ಹೊಡೆದುಹಾಕಿದರೆ ಅಲ್ಲೇನಿತ್ತೆಂದು ಹುಡುಕುತ್ತೀಯ, ಅದಕ್ಕೇ ಹಾಗೇ ಬಿಟ್ಟಿದ್ದೇನೆ. ಕೊಟ್ಟವಳು ನಾನು. ಅದೇ ದೋಣಿಯ ಬೇರೆ ಹುಡುಗರ ವಿವರ ಕೊಟ್ಟರೆ ಹೈತಮ್ ಜೊತೆ ಫೋನಿನಲ್ಲಿ ಮಾತಾಡಿಸುತ್ತೇನೆ ಎಂದ. ಘಸ್ಸಾನ್‌ನ ಹೆಸರು, ನಿನ್ನ ವಿಳಾಸ ಬರೆದೆ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾನೆ ಎಂದೂ ಬರೆದೆ. "ಕಾಲಿನ ವಿಷ್ಯ ಅವರಿಗೆ ಹೇಗೆ ಗೊತ್ತಾಗ್ಬೇಕು ಅಕ್ಕಾ, ಘಸ್ಸಾನೇ ಹೇಳಿರ್ಬೇಕು" ಎಂದು ನಿನ್ನೆ ನೀನು ಅಂದೆಯಲ್ಲ, ಹೇಳಿದವಳು ನಾನು. ಅದೂ ಅಕ್ಟೋಬರಿನಲ್ಲಿ. ಮೋಸವೆಂದು ಗೊತ್ತಾಗಿ ಎರಡು ತಿಂಗಳಾದ ಮೇಲೆ.

ಇವತ್ತು ಬೆಳಿಗ್ಗೆ ರಫೀಕಾಳ ಅಂಗಡಿಗೆ ಹೋದೆ. ಕ್ಷಮೆ ಕೇಳಲು ತೊದಲುತ್ತಿದ್ದರೆ, "ಅದೆಲ್ಲ ಆಮೇಲೆ, ಮೊದಲು ಕೂತ್ಕೊಳ್ಳಿ" ಎಂದು ಸಿಸಿಲಿಯ ಆ ವಕೀಲರ ಕಚೇರಿಯ ನಿಜವಾದ ನಂಬರ್ ಹುಡುಕಿ ತಾನೇ ಫೋನ್ ಮಾಡಿದಳು. ಅಲ್ಲೊಬ್ಬ ಹೆಂಗಸು ಮಾತಾಡಿದಳಂತೆ: ನಾವು ಯಾರಿಗೂ ಬರೆದಿಲ್ಲ, ನಮ್ಮ ಹೆಸರು ಕದ್ದಿದ್ದಾರೆ, ಹೀಗೆ ಕೇಳಿದ ತಾಯಂದಿರಲ್ಲಿ ನೀವು ಆರನೆಯವರು. ಅಲ್ಲಿಂದ ಇಬ್ಬರೂ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆವು.

ನೀನು ಅವನಿಗೆ ಉತ್ತರ ಬರೆಯಬೇಡ. ಗುರುತಿನ ಚೀಟಿ ಕಳಿಸಬೇಡ. ಇಮೇಲ್ ಅಳಿಸದೆ ಗಾಬಿಸ್ ಪೊಲೀಸರಿಗೆ ತೋರಿಸು. ಮರ ಉಳಿಸಿಕೋ. ಘಸ್ಸಾನ್ ಬದುಕಿದ್ದಾನೆಂದು ನಿನ್ನೆ ನಿನಗೆ ಅನ್ನಿಸಿದ್ದನ್ನು ಇವತ್ತು ಕಿತ್ತುಕೊಳ್ಳುತ್ತಿರುವವಳೂ ನಾನೇ. ನನ್ನನ್ನು ಬೈಯಲಿಕ್ಕಾದರೂ ಒಂದು ಸಲ ಫೋನ್ ಮಾಡು.

ನಿನಗೆ ಮುಖ ತೋರಿಸಲಾರದ,
ನಝೀಹಾ

ಮರೆತ ಮಾತು: ಆ ವಿಳಾಸವನ್ನು ಬ್ಲಾಕ್ ಮಾಡಿ ಎಂದರು ಪೊಲೀಸರು. ರಫೀಕಾಳ ಎದುರಿಗೇ ಮಾಡಿದೆ. ಮನೆಗೆ ಬಂದು ಆ ಬ್ಲಾಕ್ ತೆಗೆದುಬಿಟ್ಟೆ. ಈ ಊರಿನಲ್ಲಿ ಎಲ್ಲರೂ ಹೈತಮ್ ಒಳ್ಳೆಯ ಹುಡುಗನಾಗಿದ್ದ ಎನ್ನುತ್ತಾರೆ. 'ಇದ್ದಾನೆ' ಎಂದು ಬರೆಯುವವನು ಆ ಮೋಸಗಾರನೊಬ್ಬನೇ.