ನಿನಗೆ ಹಣ ಕೊಡಲು ಶುರುಮಾಡಿದ ಮೇಲೆ

ಪಕ್ಕದ ಮನೆಯ ಅಕ್ಕನಿಗೆ,

ಈಗ ನೀನು ಪಕ್ಕದ ಮನೆಯಲ್ಲಿಲ್ಲ. ಆದರೂ ಬೇರೆ ಹೇಗೆ ಕರೆಯಬೇಕೋ ತಿಳಿಯಲಿಲ್ಲ. ಮೂರು ವರ್ಷ ಸುದ್ದಿಯಿಲ್ಲದವಳು ಈಗ ಬರೆಯುತ್ತಿದ್ದಾಳೆಂದರೆ ಏನೋ ಬೇಕಾಗಿರಬೇಕು ಎಂದು ಮೂಗು ಮುರಿಯುತ್ತೀಯ. ಮುರಿ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹೋಟೆಲಿನ ಲಾಂಡ್ರಿಯಲ್ಲಿ ನಾವಿಬ್ಬರೂ ಹಾಸಿಗೆ ಬಟ್ಟೆ ಮಡಚುತ್ತಿದ್ದೆವು. ನಿನಗೆ ಬೆಳಗಿನ ಪಾಳಿ, ನನಗೆ ಮಧ್ಯಾಹ್ನದ್ದು. ನನ್ನ ಗಂಡ ಲಾರಿ ಹತ್ತಿ ತಿಂಗಳಿಗೆ ಇಪ್ಪತ್ತು ದಿನ ಊರೂರು ಅಲೆಯುವವನು. ನಿನ್ನ ಗಂಡ ತೀರಿಕೊಂಡು ಆಗಲೇ ವರ್ಷವಾಗಿತ್ತು. ಬೆಳಿಗ್ಗೆ ನಿನ್ನ ಮಗ ನನ್ನ ಮನೆಯಲ್ಲಿ, ಮಧ್ಯಾಹ್ನದ ಮೇಲೆ ನನ್ನ ಮಗಳು ನಿನ್ನ ಮನೆಯಲ್ಲಿ. ಪಾಳಿ ಬದಲಾಗುವ ಹೊತ್ತಿಗೆ ಬಾಗಿಲಲ್ಲಿ ಎದುರಾಗಿ, "ಉಂಡಿದಾನೆ, ಹಲ್ಲು ಮಾತ್ರ ಉಜ್ಜಿಲ್ಲ" ಎಂದು ನಾನು, "ಸೂಪರ್‌ವೈಸರ್ ಉರೀತಾ ನಿಂತಿದಾನೆ, ಓಡು" ಎಂದು ನೀನು. ಯಾರು ಎಷ್ಟು ಹೊತ್ತು ನೋಡಿಕೊಂಡರು ಎಂದು ಇಬ್ಬರೂ ಕೇಳಿದವರಲ್ಲ.

ಆಮೇಲೆ ಬ್ಲೀಚಿನಿಂದ ನಿನ್ನ ಕೈಯ ಚರ್ಮ ಒಡೆದು ಕೆಲಸ ಬಿಡಬೇಕಾಯಿತು. ಅದೇ ತಿಂಗಳು ನನ್ನನ್ನು ಹೋಟೆಲಿನ ಕೌಂಟರಿಗೆ ಹಾಕಿದರು, ಬೆಳಿಗ್ಗೆಯಿಂದ ಸಂಜೆಯವರೆಗೆ. ನಿನ್ನ ಮಗ ಶಾಲೆಗೆ ಸೇರಿದ್ದ. ನನ್ನ ಮಗಳು ಮಾತ್ರ ಇಡೀ ದಿನ ನಿನ್ನ ಬಳಿ. ಅದಕ್ಕೆ ಬದಲಾಗಿ ನಿನಗೆ ಮಾಡಿಕೊಡುವಂಥದ್ದು ನನ್ನಲ್ಲಿ ಏನೂ ಉಳಿಯಲಿಲ್ಲ. ಸಂಬಳದ ದಿನ ಕವರಿನಲ್ಲಿ ಹಣ ತಂದೆ. "ನಾನೇನು ಆಯಾನಾ?" ಎಂದೆ ನೀನು. "ಹಾಗಲ್ಲಕ್ಕಾ, ಹಂಗಿನಲ್ಲಿ ಇರೋಕೆ ನನ್ನ ಕೈಲಾಗಲ್ಲ" ಎಂದು ನಾನು ಹಟ ಹಿಡಿದೆ. ಕೊನೆಗೆ ನೀನು ತೆಗೆದುಕೊಂಡೆ.

ಅಂದು ನನಗೆ ಹಗುರವೇ ಆಯಿತು, ಸುಳ್ಳು ಹೇಳುವುದಿಲ್ಲ. ಚಿಕ್ಕವಳಿದ್ದಾಗಿನಿಂದ ಸೋದರಮಾವನ ಮನೆಯಲ್ಲಿ ಎಲ್ಲರ ಮುಖ ನೋಡಿಕೊಂಡು ಬೆಳೆದವಳು ನಾನು. ಇನ್ನು ಸಂಜೆ ಸುಸ್ತಾಗಿ ಬಂದು ನಿನ್ನ ಅತ್ತೆಯ ಕಾಟದ ಕಥೆ ಕೇಳುತ್ತ ಕೂರಬೇಕಿರಲಿಲ್ಲ. ಮಗಳನ್ನು ಕರೆದುಕೊಂಡು ಬಂದು ನನ್ನ ಬಾಗಿಲು ಹಾಕಿಕೊಳ್ಳಬಹುದಿತ್ತು. ಅಂಥ ಸ್ವಾತಂತ್ರ್ಯ ನನಗೆ ಅದೇ ಮೊದಲು.

ಆದರೆ ವಾರದೊಳಗೇ ಮಗಳ ಜೊತೆ ಕಳಿಸುತ್ತಿದ್ದ ಹಾಲಿನ ಬಾಟಲಿಗೆ ಪೆನ್ನಿನಿಂದ ಗೀಟು ಎಳೆದೆ, ನಿನ್ನ ಮಗನ ಹೊಟ್ಟೆಗೆ ಎಷ್ಟು ಹೋಗುತ್ತದೆಂದು ನೋಡಲು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೊಲೀಸರ ಹಾಗೆ ವಿಚಾರಿಸಿದೆ: ದೊಡ್ಡಮ್ಮ ಮಧ್ಯಾಹ್ನ ಮಲಗಿದ್ದಳಾ? ಟಿವಿ ಎಷ್ಟು ಹೊತ್ತು? ಒಮ್ಮೆ ಹೇಳದೆ ಕೇಳದೆ ಬೇಗ ಬಂದು ನಿನ್ನ ಕಿಟಕಿಯ ಹೊರಗೆ ನಿಂತೆ. ಅವಳ ತಲೆ ಬಾಚುತ್ತ ನೀನು ಹಾಡು ಹೇಳುತ್ತಿದ್ದೆ. ನಾನು ಬಂದದ್ದು ಗೊತ್ತಾಗಿಯೇ ಹಾಡುತ್ತಿದ್ದಾಳೇನೋ ಎಂದುಕೊಂಡೆ! ನೀನೂ ಬದಲಾದೆ. ಕಾಲು ಗಂಟೆ ತಡವಾದರೆ ಮಗಳಿಗೆ ಚಪ್ಪಲಿ ಹಾಕಿಸಿ ಹೊಸಿಲಲ್ಲಿ ನಿಲ್ಲಿಸಿರುತ್ತಿದ್ದೆ.

ಅವಳ ಹಣೆಯಲ್ಲಿ ಬುಗುಟೆ ಎದ್ದ ಸಂಜೆ ನಾನು ಕೇಳಿದ್ದು ನನಗಿನ್ನೂ ನೆನಪಿದೆ. "ಆಗ ನೀನೆಲ್ಲಿದ್ದೆ? ಇದಕ್ಕೇ ಅಲ್ವಾ ನಾನು ದುಡ್ಡು ಕೊಡೋದು?"

ನೀನು ಕೂಗಾಡಲಿಲ್ಲ. "ನನ್ನ ಮಗ ನಿನ್ನ ಮನೇಲಿ ಇಸ್ತ್ರಿಪೆಟ್ಟಿಗೆ ಮುಟ್ಟಿ ಸುಟ್ಕೊಂಡಾಗ ಅವನಿಗಿಂತ ನೀನೇ ಜಾಸ್ತಿ ಅಳ್ತಿದ್ದೆ. ನಿನ್ನನ್ನ ಸಮಾಧಾನ ಮಾಡಿದೋಳು ನಾನು. ಎಲ್ಲಿದ್ದೆ ಅಂತ ಕೇಳಬೇಕು ಅಂತ ನನಗೆ ಹೊಳೀಲೇ ಇಲ್ಲ ಕಣೇ" ಎಂದೆ.

ಮರುದಿನ ಉಳಿದ ದಿನಗಳ ಹಣ ನನ್ನ ಬಾಗಿಲ ಕೆಳಗೆ ಬಿದ್ದಿತ್ತು. ತಿಂಗಳು ತುಂಬುವುದರೊಳಗೆ ನೀನು ಮನೆ ಬದಲಿಸಿದೆ. ಮಗಳ ಹಣೆಯ ಬುಗುಟೆ ಹೇಗಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ಮಗಳು ಇರುವ ಡೇಕೇರಿನಲ್ಲಿ ಕ್ಯಾಮೆರಾ ಇದೆ. ಕೌಂಟರಿನ ಕೆಳಗೆ ಫೋನಿಟ್ಟು ನೋಡುತ್ತಿರುತ್ತೇನೆ. ಅಲ್ಲಿಯ ಹುಡುಗಿ ನಗುತ್ತಾಳೆ. ಕ್ಯಾಮೆರಾಕ್ಕೆ ಬೆನ್ನು ಹಾಕಿದಾಗಲೂ ನಗುತ್ತಾಳೋ ಇಲ್ಲವೋ. ಮೊನ್ನೆ ಅಲ್ಲಿ ಶುಲ್ಕ ಏರಿಸಿದರು. ಅದಕ್ಕೇ ಇವಳಿಗೆ ನನ್ನ ನೆನಪಾಯಿತು ಎನ್ನಬೇಡ. ಅದಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ, ಪೂರ್ತಿ ನಂಬಿಕೆ ಬರಲಿಲ್ಲ.

ಶುಲ್ಕದ ವಿಷಯಕ್ಕೆ ನಾನೂ ನನ್ನ ಗಂಡನೂ ಜಗಳವಾಡುವಾಗ ನಿನಗೆ ಹಣ ಕೊಡುತ್ತಿದ್ದ ಹಳೆಯ ಮಾತೂ ಬಂತು. ಏಳು ವರ್ಷದವಳು ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದಾಳೆ. ಮಲಗುವ ಮುಂಚೆ ಬಂದು, "ಅಮ್ಮಾ, ದೊಡ್ಡಮ್ಮ ನನ್ನನ್ನ ಎತ್ಕೊಳ್ತಿದ್ದಿದ್ದು ದುಡ್ಡಿಗಾ?" ಎಂದಳು. ಅಲ್ಲ ಎಂದೆ. "ಮತ್ತೆ ನೀನು ಯಾಕೆ ಕೊಡ್ತಿದ್ದೆ?"

ಅವಳಿಗೆ ಹೊದಿಕೆ ಹೊದಿಸಿ, ಈ ಕಾಗದ ಬರೆಯಲು ಕೂತೆ, ಅಕ್ಕ.

ಭಾನುವಾರ ಅವಳನ್ನು ಕರೆದುಕೊಂಡು ಬರುತ್ತೇನೆ. ನನಗೆ ನೀನು ಏನೂ ಹೇಳಬೇಕಿಲ್ಲ, ಅವಳು ಕೇಳಿದ್ದಕ್ಕೆ ಅವಳಿಗೆ ಹೇಳು. ದಾರಿಯಲ್ಲಿ ಏನಾದರೂ ಕೊಂಡು ತರಬೇಕೆಂದು ಕೈ ತುರಿಸುತ್ತದೆ, ತಡೆದುಕೊಳ್ಳುತ್ತೇನೆ. ಬರಿಗೈಯಲ್ಲಿ ಬರುತ್ತೇವೆ.

ನಿನ್ನ ಮಗ ನಿನಗಿಂತ ಎತ್ತರ ಬೆಳೆಯಲಿ, ನೀನು ಚೆನ್ನಾಗಿರು.

ಇನ್ನೂ ಅಕ್ಕ ಎಂದೇ ಕರೆಯುವ,
ಗೋಡೆಯಾಚೆಯವಳು